ಹೊಟ್ಟೆಗೂ ಉಂಟು ತನ್ನದೇ ನರಜಾಲ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ಸಾಲುಗಟ್ಟುವ ಕಾಲಕ್ಕೇ ಹಾವೇರಿ, ರಾಣೆಬೆನ್ನೂರಿನ ಮನೆಗಳಲ್ಲಿ ಪರೀಕ್ಷೆಯ ಕಾವೂ ಏರುತ್ತದೆ. ‘ಅವ್ವಾ, ಹೊಟ್ಟಿ ನೋಯಾಕತ್ತೈತಿ’ ಎಂದು ಮಗು ಹೇಳಿದರೆ ‘ನೆವ ಹೇಳಬ್ಯಾಡ’ ಎಂದು ಗದರುವ ಹಿರಿಯರುಂಟು. ಆದರೆ ಆ ನೋವು ಬಹುಮಟ್ಟಿಗೆ ನಿಜವಾದದ್ದೇ. ಮೆಣಸಿನಕಾಯಿಯ ಉರಿಯಿರಲಿ, ಪರೀಕ್ಷೆಯ ಅಳುಕಿರಲಿ, ಎರಡರ ಸುದ್ದಿಯೂ ಜೀರ್ಣನಾಳದ ನರಗಳಿಗೆ ಮುಟ್ಟುತ್ತದೆ.

ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣನಾಳದ ಗೋಡೆಯೊಳಗೆ ನರಕೋಶಗಳು ಬಲೆಯಂತೆ ಹೆಣೆದುಕೊಂಡಿವೆ. ಅವುಗಳ ಸಂಖ್ಯೆ 10 ಕೋಟಿಗೂ ಮಿಗಿಲು. 1899ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಕರುಳು ಸುಮ್ಮನಾಗಲಿಲ್ಲ, ಒಳಗಿದ್ದುದನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು!

ಇದು ನಡೆಯುವ ಬಗೆ ಸೊಗಸಾಗಿದೆ. ರೊಟ್ಟಿಯ ತುತ್ತು ಜೀರ್ಣವಾಗುತ್ತ ಕರುಳಿಗಿಳಿದಾಗ ಗೋಡೆ ಹಿಗ್ಗುತ್ತದೆ. ಒಳಪದರದ ಕೆಲವು ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ಭಾಗ ತಯಾರಾಗುವುದು ಇಲ್ಲಿಯೇ. ಸುದ್ದಿ ಮುಟ್ಟಿದೊಡನೆ ನರಕೋಶಗಳು ಆಹಾರದ ಹಿಂದಿನ ಸ್ನಾಯುವನ್ನು ಬಿಗಿಸಿ, ಮುಂದಿನದನ್ನು ಸಡಿಲಿಸುತ್ತವೆ. ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ.

ಖಾರದ ಕಥೆ ಬೇರೆ. ಖಾರವೆಂಬುದು ರುಚಿಯಲ್ಲ, ಉರಿ. ಸುಮಾರು 43 ಡಿಗ್ರಿ ಸೆಲ್ಷಿಯಸ್ ಬಿಸಿ ತಾಗಿದಾಗ ತೆರೆದುಕೊಳ್ಳುವ ಪ್ರೋಟೀನಿನ ಬಾಗಿಲೊಂದು ನರತುದಿಗಳಲ್ಲಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದನ್ನು ಬಿಸಿಯಿಲ್ಲದೆಯೇ ತೆರೆದುಬಿಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಈ ಬಾಗಿಲನ್ನು ಗುರುತಿಸಿದ್ದು 1997ರಲ್ಲಿ, ಹಾವೇರಿ ಜಿಲ್ಲೆಯಾದ ವರ್ಷವೇ. 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಇಂಥ ನರತುದಿಗಳು ಕರುಳಿನಲ್ಲಿಯೂ ಇರುವುದರಿಂದಲೇ ಖಾರದೂಟದ ಮರುದಿನ ಕೆಲವರಿಗೆ ಉರಿಯ ನೆನಪಾಗುವುದು! ಬಣ್ಣಕ್ಕೆ ಹೆಸರಾದ ಬ್ಯಾಡಗಿ ಕಾಯಿಯಲ್ಲಿ ಕ್ಯಾಪ್ಸೈಸಿನ್ ಕಡಿಮೆ. ಅಂದಹಾಗೆ, ಖಾರ ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡ ಬಿಳಿಯ ತಿರುಳಿನಲ್ಲಿ.

ಹೊಟ್ಟೆ ಸ್ವತಂತ್ರವಾದರೂ ಮಿದುಳಿನೊಡನೆ ಮಾತು ಬಿಟ್ಟಿಲ್ಲ. ಎರಡನ್ನೂ ಜೋಡಿಸುವ ವೇಗಸ್ ನರದ ಬಹುಪಾಲು ಎಳೆಗಳು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಭಯವಾದಾಗ ಮಿದುಳಿನಿಂದಲೂ ಸಂದೇಶ ಇಳಿಯುತ್ತದೆ: ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಚುರುಕಾಗುತ್ತದೆ. ಊಟ ಸೇರದಿರುವುದಕ್ಕೂ, ಪರೀಕ್ಷೆಯ ಗಂಟೆಗೆ ಮುನ್ನ ಶೌಚಾಲಯಕ್ಕೆ ಓಡುವುದಕ್ಕೂ ಇದೇ ಕಾರಣ.

ಆ ಬೆಳಿಗ್ಗೆ ತಂದೆತಾಯಂದಿರು ಮಕ್ಕಳಿಗೆ ಬಲವಂತದಿಂದ ಉಣಿಸಬೇಕಿಲ್ಲ. ಹಗುರವಾದ ತಿಂಡಿ ಸಾಕು. ಆದರೆ ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅದನ್ನು ಪರೀಕ್ಷೆಯ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಬೇಕು.