ಕುಟುಂಬದ ಸ್ವರೂಪವೂ ಕುಟುಂಬದ ಆರೋಗ್ಯವೂ

ಕುಟುಂಬವೆಂದರೆ ತಂದೆ, ತಾಯಿ, ಮಕ್ಕಳು ಎಂಬುದು ಪಾಠಪುಸ್ತಕದ ಮಾತು. ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡನಾಡಿನವರ ಮನೆಗಳನ್ನು ಅವಲೋಕಿಸಿದರೆ ಈ ಮಾತು ಸಾಲದೆಂಬುದು ವಿದಿತವಾಗುತ್ತದೆ. ಸಮುದಾಯದ ಕಟ್ಟಳೆ ಕುಟುಂಬಕ್ಕೆ ರೂಪ ಕೊಡುತ್ತದೆ. ಆದಾಯವು ಆ ರೂಪವನ್ನು ಉಳಿಸುತ್ತದೆ, ಇಲ್ಲವೆ ಒಡೆಯುತ್ತದೆ. ರೋಗಿಯ ಹಾಸಿಗೆಯ ಬಳಿ ಕುಳಿತುಕೊಳ್ಳುವವರು ಯಾರೆಂಬುದನ್ನು ಇವೆರಡೂ ಸೇರಿ ನಿರ್ಧರಿಸುತ್ತವೆ.

ದಕ್ಷಿಣ ಕನ್ನಡದ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯ ಹಕ್ಕು ಹೆಣ್ಣಿನ ಸಂತತಿಯ ಮೂಲಕ ಸಾಗುತ್ತಿತ್ತು. ಸೋದರಮಾವನ ಮಾತಿಗೆ ಮನೆಯಲ್ಲಿ ತೂಕವಿತ್ತು. 1956ರವರೆಗೆ ಆ ಜಿಲ್ಲೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ ಅವಿಭಕ್ತ ಆಸ್ತಿಯ ವಿಭಾಗಕ್ಕೆ ದಾರಿ ತೆರೆದ 1949ರ ಅಳಿಯಸಂತಾನ ಕಾಯಿದೆಯೂ ಮದರಾಸಿನ ಕಾಯಿದೆಯೇ ಆಗಿತ್ತು. ಇದಕ್ಕೆ ಪ್ರತಿಯಾಗಿ ಬ್ರಾಹ್ಮಣ, ಲಿಂಗಾಯತ, ಒಕ್ಕಲಿಗ ಮನೆತನಗಳಲ್ಲಿ ವಂಶ ತಂದೆಯಿಂದ ಮಗನಿಗೆ. ಅಲ್ಲಿ ಮದುವೆಯಾದ ಮಗಳು ಕೊಟ್ಟ ಹೆಣ್ಣು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ತಿದ್ದುಪಡಿ 2005ರಲ್ಲಿ ನೀಡಿದವು.

ಇನ್ನು ಆದಾಯದ ಪ್ರಭಾವ. ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಇಂತಹವರ ಹೆಜ್ಜೆ ಹಿಡಿದು ಉಡುಪಿ ಸೀಮೆಯ ಅನೇಕ ತರುಣರು ಈ ನಗರಕ್ಕೆ ಬಂದರು. ಹೋಟೆಲಿನ ಯಜಮಾನನಾದವನು ಮನೆ ಮಾಡಿ, ತಮ್ಮಂದಿರನ್ನೂ ಸೋದರಳಿಯಂದಿರನ್ನೂ ಕರೆಸಿಕೊಂಡು ತುಂಬಿದ ಸಂಸಾರ ನಡೆಸಬಲ್ಲವನಾದ. ಅದೇ ಹೋಟೆಲಿನ ಸಪ್ಲೈಯರು ರಾತ್ರಿ ಅಲ್ಲಿಯೇ ಚಾಪೆ ಹಾಸಿ ಮಲಗಿ, ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರು ಕಳುಹಿಸಿದ. ಜಾತಿ ಒಂದೇ, ಊರು ಒಂದೇ. ಕುಟುಂಬ ಮಾತ್ರ ಎರಡು ಬಗೆ. ಕಚೇರಿಯ ಸಂಬಳವನ್ನು ನಂಬಿದವರದು ಮೂರನೆಯ ಬಗೆ: ಎರಡು ಕೋಣೆಯ ಬಾಡಿಗೆ ಮನೆ, ಸರದಿಯ ಮೇಲೆ ಮಕ್ಕಳ ಮನೆಗಳಿಗೆ ಬಂದುಹೋಗುವ ವೃದ್ಧ ತಂದೆತಾಯಿಗಳು.

ಜ್ವರ ಬಂದಾಗ ಈ ವ್ಯತ್ಯಾಸ ತೀಕ್ಷ್ಣವಾಗುತ್ತದೆ. ತುಂಬಿದ ಮನೆಯಲ್ಲಿ ಗಂಜಿ ಕಾಯಿಸುವವರಿದ್ದಾರೆ, ಆದರೆ ಆ ದುಡಿಮೆಯೆಲ್ಲ ಬಹುಮಟ್ಟಿಗೆ ಸೊಸೆಯಂದಿರ ಪಾಲು. ಸಣ್ಣ ಮನೆಯಲ್ಲಿ ಶುಶ್ರೂಷೆಗೆ ರಜೆ ಹಾಕಬೇಕು. ಒಂಟಿಯಾಗಿ ದುಡಿಯುವವನಿಗೆ ಜೊತೆಯ ಕೆಲಸಗಾರರೇ ಬಂಧುಗಳು.

ವೈದ್ಯರು ಮನೆತನದ ರೋಗಗಳನ್ನು ವಿಚಾರಿಸಿದಾಗಲೂ ಕಟ್ಟಳೆ ಅಡ್ಡ ಬರುತ್ತದೆ. ಒಂದು ಮನೆಯಲ್ಲಿ ಅಜ್ಜಿ, ಸೋದರಮಾವಂದಿರ ಕಾಯಿಲೆಗಳ ನೆನಪು ಹೆಚ್ಚು. ಮತ್ತೊಂದರಲ್ಲಿ ಅಜ್ಜ, ದೊಡ್ಡಪ್ಪಂದಿರದು. ಆದರೆ ಸಿಹಿಮೂತ್ರ, ರಕ್ತದೊತ್ತಡ, ಹೃದ್ರೋಗಗಳ ಒಲವು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ದೇಹಕ್ಕೆ ಅಳಿಯಸಂತಾನವೂ ತಿಳಿಯದು, ಮಕ್ಕಳಸಂತಾನವೂ ತಿಳಿಯದು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡ ಮನೆಗಳಲ್ಲಿ ಈ ವಿಚಾರಣೆ ಮತ್ತಷ್ಟು ಅಗತ್ಯ. ಕೆಲವು ಆನುವಂಶಿಕ ದೋಷಗಳು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಅಲ್ಲಿ ಅಧಿಕ.

ಆದಕಾರಣ ಪ್ರತಿಯೊಂದು ಮನೆಯಲ್ಲಿಯೂ ಒಂದು ನೋಟುಬುಕ್ಕು ಇರಲಿ. ಎರಡೂ ಕಡೆಯ ಹಿರಿಯರ ಕಾಯಿಲೆಗಳನ್ನು, ಅವು ಕಾಣಿಸಿಕೊಂಡ ವಯಸ್ಸನ್ನು, ರಕ್ತಸಂಬಂಧದ ಮದುವೆಗಳನ್ನು ಹಿರಿಯರಿರುವಾಗಲೇ ಕೇಳಿ ಬರೆದಿಡುವುದು ಲೇಸು. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದವರು ಅದರ ಮೊದಲ ಪುಟದಲ್ಲಿ, ಕರೆದರೆ ನಡುರಾತ್ರಿಯಲ್ಲಿಯೂ ಬರಬಲ್ಲ ಒಬ್ಬರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದುಕೊಳ್ಳಲಿ. ಪರಸ್ಥಳದಲ್ಲಿ ಆ ಒಬ್ಬರೂ ಕುಟುಂಬವೇ.