ಮಿಲ್ಲಿಂಗ್ ಮೆಷಿನ್ ಗೊರಗುಟ್ಟಿದಾಗ

ಪೀಣ್ಯ, ರಾಜಾಜಿನಗರದ ಶೆಡ್ಡುಗಳಲ್ಲಿ ಮಿಲ್ಲಿಂಗ್ ಮೆಷಿನ್ ಕೊಂಚ ಬೇರೆ ಥರ ಸದ್ದು ಮಾಡಿದರೆ ಸಾಕು, ‘ಬೇರಿಂಗ್ ಹೋಗಿದೆ’ ಎಂಬ ತೀರ್ಪು ಬಂದುಬಿಡುತ್ತದೆ. ಹೆಡ್ ಬಿಚ್ಚುತ್ತಾರೆ, ಸ್ಪಿಂಡಲ್ ಬೇರಿಂಗಿಗೆ ದುಡ್ಡು ಸುರಿಯುತ್ತಾರೆ. ಮತ್ತೆ ಜೋಡಿಸಿ ಸ್ವಿಚ್ ಹಾಕಿದರೆ ಅದೇ ಸದ್ದು. ಬಿಚ್ಚುವ ಮೊದಲು ಅರ್ಧ ಗಂಟೆ ಕಿವಿಗೊಟ್ಟಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಈ ಶೆಡ್ಡುಗಳಲ್ಲಿರುವ ಟರೆಟ್ ಮಿಲ್ಲಿಂಗ್ ಮೆಷಿನ್‌ಗಳ ಮೂಲ 1938ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಹುಟ್ಟಿದ ಮಾದರಿ. ಮೇಲೆ ಮೋಟಾರು, ಅಲ್ಲಿಂದ ಬೆಲ್ಟು, ಪುಲ್ಲಿ, ಬ್ಯಾಕ್ ಗೇರ್, ಕೊನೆಗೆ ಸ್ಪಿಂಡಲ್. ಸದ್ದು ಹುಟ್ಟುವುದು ಈ ದಾರಿಯ ಯಾವುದೋ ಒಂದು ಕಡೆ. ಆದರೆ ಎರಕದ ಕಬ್ಬಿಣದ ಹೆಡ್ ಅದನ್ನು ಎಲ್ಲ ಕಡೆಗೂ ಹರಡುವುದರಿಂದ ಮೋಟಾರಿನ ದೋಷ ಸ್ಪಿಂಡಲ್‌ನದೆಂದೇ ಕೇಳಿಸುತ್ತದೆ.

ಮೊದಲ ಪರೀಕ್ಷೆಗೆ ಹತಾರವೇ ಬೇಡ. ಮೆಷಿನ್ ಪೂರ್ತಿ ವೇಗದಲ್ಲಿದ್ದಾಗ ಸ್ವಿಚ್ ಆರಿಸಿ. ಸದ್ದು ಆ ಕ್ಷಣವೇ ನಿಂತರೆ ದೋಷ ವಿದ್ಯುತ್ತಿನ ಕಡೆಯದು: ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಮೋಟಾರಿನ ಕಾಂತಬಲ ಸೆಕೆಂಡಿಗೆ 100 ಬಾರಿ ಎಳೆದು ಬಿಡುತ್ತದೆ, ಆ ಗುಂಯ್‌ಗುಡುವಿಕೆ ಕರೆಂಟಿನ ಜೊತೆಗೇ ಹೋಗುತ್ತದೆ. ಮೂರು ಫೇಸುಗಳ ವೋಲ್ಟೇಜ್ ಅಳೆದು ನೋಡಿ. ಸದ್ದು ವೇಗದೊಂದಿಗೆ ನಿಧಾನವಾಗಿ ಇಳಿದರೆ ದೋಷ ತಿರುಗುವ ಭಾಗದಲ್ಲಿದೆ.

ಆಗ ಮೇನ್ ಸ್ವಿಚ್ ಆರಿಸಿ ಬೆಲ್ಟ್ ಕಳಚಿ, ಮೋಟಾರೊಂದನ್ನೇ ಓಡಿಸಿ. ಗೊರಗೊರ ಉಳಿದಿದ್ದರೆ ಮೋಟಾರಿನ ಬೇರಿಂಗೇ ಕಾರಣವಿರಬಹುದು, ಇಲ್ಲವೆ ಫ್ಯಾನ್ ಮುಚ್ಚಳಕ್ಕೆ ತಾಗುತ್ತಿರಬಹುದು. ಒಂಬತ್ತು ಗುಂಡುಗಳ 6205 ಬೇರಿಂಗಿನ ಹೊರ ಬಳೆಯಲ್ಲಿ ಒಂದು ಗುಳಿ ಬಿದ್ದರೂ ನಿಮಿಷಕ್ಕೆ 1440 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 86 ಪೆಟ್ಟು. ಅದಕ್ಕೇ ಅದು ಬಿಡಿಬಿಡಿಯಾಗಿ ಕೇಳದೆ ಒಂದೇ ಗೊರಕೆಯಾಗುತ್ತದೆ. ಬೆಲ್ಟಿನ ಸದ್ದೇ ಬೇರೆ. ಒಂದು ಮೀಟರ್ ಉದ್ದದ ಬೆಲ್ಟ್ 100 ಮಿ.ಮೀ. ಪುಲ್ಲಿಯ ಮೇಲೆ ಅದೇ ವೇಗದಲ್ಲಿ ಸೆಕೆಂಡಿಗೆ ಏಳೆಂಟು ಸಲ ಸುತ್ತುತ್ತದೆ; ಒಂದೆಡೆ ಗಂಟುಬಿದ್ದಿದ್ದರೆ ದಬದಬ ಎಂದು ಎಣಿಸುವಷ್ಟು ಬಿಡಿಯಾಗಿ ಬಡಿಯುತ್ತದೆ. ಬಹಳ ದಿನ ನಿಂತ ಮೆಷಿನ್‌ನಲ್ಲಿ ಬೆಲ್ಟ್ ಬಿಸಿಯಾದಂತೆ ಇದು ತಾನಾಗಿ ಅಡಗುವುದೂ ಉಂಟು.

ಬ್ಯಾಕ್ ಗೇರ್ ಹಾಕಿದಾಗ ಮಾತ್ರ ಕೇಳಿದರೆ ಹಲ್ಲು, ಗ್ರೀಸ್ ನೋಡಿ. ಖಾಲಿ ಓಡುವಾಗ ಕಟಕಟ ಎಂದು, ಕಟ್ಟರ್ ಜಾಬಿಗೆ ಇಳಿದೊಡನೆ ಸುಮ್ಮನಾದರೆ ಅದು ಹೆಚ್ಚಾಗಿ ಸ್ಪಿಂಡಲ್ ಸ್ಪ್ಲೈನಿನ ಸಡಿಲು. ಹಳೆಯ ಮೆಷಿನ್‌ಗಳಲ್ಲಿ ಇದು ಸಾಮಾನ್ಯ, ಅಷ್ಟಕ್ಕೇ ಹೆಡ್ ಬಿಚ್ಚಬೇಡಿ. ಕಡಿಯುವಾಗ ಮಾತ್ರ ಬರುವ ಕಿರುಚಾಟಕ್ಕೆ ಮೊಂಡಾದ ಕಟ್ಟರ್, ಸಡಿಲ ಕ್ಲ್ಯಾಂಪ್, ಬಿಗಿಯದ ಕ್ವಿಲ್ ಲಾಕ್ ಕಾರಣವಿರುತ್ತವೆ.

ಸದ್ದಿನ ಜಾಗ ಹುಡುಕಲು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮೈಮೇಲಿಟ್ಟು ಹಿಡಿಗೆ ಕಿವಿ ಕೊಡುವುದು ಹಳಬರ ರೂಢಿ. ಮೆಕ್ಯಾನಿಕ್ ಸ್ಟೆತಾಸ್ಕೋಪ್ ಅದಕ್ಕಿಂತ ಸುರಕ್ಷಿತ. ಏನೇ ಇರಲಿ, ತಿರುಗುವ ಭಾಗದಿಂದ ದೂರವಿರಬೇಕು, ಗ್ಲೌಸ್ ಹಾಕಕೂಡದು.

ನಿಜಕ್ಕೂ ಸ್ಪಿಂಡಲ್ ಬೇರಿಂಗೇ ಹೋಗಿದ್ದರೆ ಅಲ್ಲಿ ಉಳಿತಾಯ ನೋಡಬಾರದು. ಅದು ಗುರುತಿನಂತೆ, ಹೇಳಿದ ದಿಕ್ಕಿನಲ್ಲೇ ಕೂಡಿಸಬೇಕಾದ ನಿಖರ ಜೋಡಿ. ಹೊರ ಬಳೆಗೆ ಸುತ್ತಿಗೆ ಬಡಿದು ಶಾಫ್ಟಿಗೆ ಕೂರಿಸಿದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಹೊಸ ಬೇರಿಂಗಿಗೇ ಗುಳಿ ಬೀಳುತ್ತದೆ.

ವರ್ಕ್‌ಶಾಪ್ ಮಾಲೀಕರಲ್ಲಿ ಒಂದು ಕೋರಿಕೆ: ಸದ್ದು ಬದಲಾಗಿದೆ ಎಂದು ಆಪರೇಟರ್ ಹೇಳಿದ ದಿನವೇ ಮೆಷಿನ್ ಅರ್ಧ ಗಂಟೆ ನಿಲ್ಲಿಸಲು ಅವನಿಗೆ ಅನುಮತಿ ಕೊಡಿ, ಆ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ.