ಮಣ್ಣಿನ ಕೆಂಪು ಮದ್ದು ಮತ್ತು ಮನುಷ್ಯನ ಹೃದಯ

ಭೀಮಾನದಿಯ ದಂಡೆಯ ಮೇಲಿರುವ ಸನ್ನತಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಅಶೋಕನ ಶಾಸನಗಳೂ, ಸಮೀಪದ ಕನಗನಹಳ್ಳಿಯ ಬೌದ್ಧಸ್ತೂಪವೂ ಚಿತ್ತಾಪುರ ಸೀಮೆಯ ಈ ಊರಿಗೆ ಕೀರ್ತಿಯನ್ನು ತಂದಿವೆ. ನಾವು ಇಂದು ಅಲ್ಲಿಯ ಕಲ್ಲನ್ನು ಬಿಟ್ಟು ಮಣ್ಣಿನಿಂದ ಮಾತನ್ನು ಆರಂಭಿಸೋಣ. ಬೇಸಗೆಯಲ್ಲಿ ಬಿರುಕುಬಿಟ್ಟ ಎರೆನೆಲದ ಮೇಲೆ ಮೊದಲ ಮಳೆ ಬಿದ್ದೊಡನೆ ಒಂದು ಕಂಪು ಏಳುವುದಷ್ಟೆ! ಅದಕ್ಕೆ ಬಹುಮಟ್ಟಿಗೆ ಕಾರಣವಾದುದು ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ಬಳಗ. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ನನ್ನು ಲೋಕಕ್ಕೆ ಕೊಟ್ಟುದೂ ಇದೇ ಬಳಗವೆ.

1950ರ ದಶಕದಲ್ಲಿ ಇಟಲಿಯ ಸಂಶೋಧಕರು, ಈ ಬಳಗದಲ್ಲಿ ಕ್ಯಾನ್ಸರಿಗೂ ಮದ್ದು ದೊರೆಯಬಹುದೆಂಬ ಆಸೆಯಿಂದ ಊರೂರಿನ ಮಣ್ಣನ್ನು ತಂದು ಪರೀಕ್ಷಿಸುತ್ತಿದ್ದರು. ಕಾಸ್ಟೆಲ್ ದೆಲ್ ಮೊಂತೆ ಎಂಬ 13ನೆಯ ಶತಮಾನದ ಕೋಟೆಯ ಬಳಿಯ ಮಣ್ಣಿನಲ್ಲಿ ಕಡುಗೆಂಪು ಬಣ್ಣವನ್ನು ಸ್ರವಿಸುವ ಒಂದು ಹೊಸ ಸ್ಟ್ರೆಪ್ಟೊಮೈಸಿಸ್ ಸಿಕ್ಕಿತು. ಆ ಬಣ್ಣದ ವಸ್ತುವಿಗೆ, ಅಲ್ಲಿ ಹಿಂದೆ ನೆಲಸಿದ್ದ ದೌನಿ ಎಂಬ ಜನಾಂಗದ ಹೆಸರನ್ನೂ ಮಾಣಿಕ್ಯದ ಹೆಸರನ್ನೂ ಕೂಡಿಸಿ ಡೌನೋರುಬಿಸಿನ್ ಎಂದು ಕರೆದರು. ಮುಂದೆ ಅದೇ ಜೀವಿಯ ಒಂದು ಮಾರ್ಪಟ್ಟ ತಳಿಯಿಂದ ಡಾಕ್ಸೊರುಬಿಸಿನ್ ಬಂದಿತು. ರಕ್ತದ ಕ್ಯಾನ್ಸರು, ಸ್ತನದ ಕ್ಯಾನ್ಸರು, ದುಗ್ಧಗ್ರಂಥಿಗಳ ಕ್ಯಾನ್ಸರು—ಇವುಗಳ ಚಿಕಿತ್ಸೆಯಲ್ಲಿ ಈ ಕೆಂಪು ಔಷಧಗಳು ಇಂದಿಗೂ ಬಳಕೆಯಲ್ಲಿವೆ.

ಆದರೆ ಮದ್ದಿನ ಗುಣದ ಹಿಂದೆಯೇ ಅದರ ದೋಷವೂ ಬೆಳಕಿಗೆ ಬಂದಿತು. ಕ್ಯಾನ್ಸರು ಶಮನವಾದ ಕೆಲವರಲ್ಲಿ ಹೃದಯವು ಸೋಲತೊಡಗಿತು. ಕಾಲು ಬಾತುಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು, ನಾಲ್ಕು ಹೆಜ್ಜೆಗೆ ಏದುಸಿರು. 1979ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಸುಮಾರು 4,000 ರೋಗಿಗಳ ದಾಖಲೆಗಳನ್ನು ಶೋಧಿಸಿದಾಗ, ಈ ಅಪಾಯವು ರೋಗಿಯು ಪಡೆದ ಒಟ್ಟು ಮದ್ದಿನೊಡನೆ ಏರುವುದೆಂದು ತಿಳಿಯಿತು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಮ್ ಪಡೆದವರಲ್ಲಿ ಶೇಕಡಾ 3, 550 ಪಡೆದವರಲ್ಲಿ ಶೇಕಡಾ 7, 700 ಪಡೆದವರಲ್ಲಿ ಶೇಕಡಾ 18 ಮಂದಿಗೆ ಹೃದಯಸೋಲು ಕಂಡಿತ್ತು. ಬಳಿಕ 2003ರಲ್ಲಿ ಬಂದ ಲೆಕ್ಕವು ಇನ್ನೂ ಕಠಿನವಾದುದು: 550 ಮಿಲಿಗ್ರಾಮಿಗೆ ಶೇಕಡಾ 26. ಇಲ್ಲಿ ಗಮನಿಸತಕ್ಕ ಮಾತೆಂದರೆ, ಇದು ಒಂದು ಸಲದ ಪ್ರಮಾಣವಲ್ಲ. ಜನ್ಮದಲ್ಲಿ ಪಡೆದುದರ ಒಟ್ಟು ಮೊತ್ತ. ಹತ್ತು ವರುಷದ ಕೆಳಗೆ ಪಡೆದುದೂ ಈ ಲೆಕ್ಕದಲ್ಲಿ ಸೇರಿಯೇ ಇರುತ್ತದೆ.

ಹೃದಯಕ್ಕೇ ಏಕೆ ಈ ಪೆಟ್ಟು? ಜೀವಕೋಶದ ಡಿ.ಎನ್.ಎ. ಎಂಬುದು ಬಿಗಿಯಾಗಿ ಹೊಸೆದ ಹುರಿಹಗ್ಗದಂತಿದೆ. ಗಂಟು ಬಿದ್ದಾಗ ಅದನ್ನು ಕತ್ತರಿಸಿ, ಬಿಡಿಸಿ, ಮತ್ತೆ ಬೆಸೆಯುವ ಒಂದು ಕಿಣ್ವವುಂಟು. ಅದರ ಹೆಸರು ಟೊಪೊಐಸೊಮರೇಸ್. ನಮ್ಮ ಕೆಂಪು ಮದ್ದು ಕತ್ತರಿಸಲು ಬಿಡುತ್ತದೆ, ಬೆಸೆಯಲು ಬಿಡುವುದಿಲ್ಲ. ಎಡೆಬಿಡದೆ ಇಮ್ಮಡಿಸುವ ಕ್ಯಾನ್ಸರಿನ ಕೋಶಕ್ಕೆ ಇದು ಮರಣಶಾಸನವೇ ಸರಿ. ಆದರೆ ಹೃದಯಸ್ನಾಯುವಿನ ಕೋಶದಲ್ಲಿಯೂ ಇದೇ ಕಿಣ್ವದ ಸೋದರವೊಂದಿದೆ. ಅದನ್ನೂ ಮದ್ದು ಹಿಡಿಯುತ್ತದೆಂಬುದನ್ನು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದುವು. ಮೇಲಾಗಿ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಈ ಅಂಗಕ್ಕೆ ಬಿಡುವೆಂಬುದಿಲ್ಲ. ಚರ್ಮ ಸುಲಿದರೆ ಹೊಸ ಚರ್ಮ ಬಂದೀತು; ಹೃದಯದ ಸ್ನಾಯುಕೋಶಗಳಾದರೋ ತಾರುಣ್ಯದಲ್ಲಿಯೂ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರವೇ ಹೊಸದಾಗುತ್ತವೆ. ನಷ್ಟವಾದುದನ್ನು ಉಳಿದ ಕೋಶಗಳೇ ಹೊರಬೇಕು.

ಹೃದಯವನ್ನು ನೋಯಿಸುವುದು ಇದೊಂದೇ ಮದ್ದಲ್ಲ. ಸ್ತನದ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಟ್ರಾಸ್ಟುಜುಮಾಬ್ ಸಹ ಹೃದಯದ ಬಲವನ್ನು ಕುಗ್ಗಿಸುವುದುಂಟು. ಸಮಾಧಾನವೆಂದರೆ, ಮದ್ದನ್ನು ನಿಲ್ಲಿಸಿದರೆ ಆ ಬಲವು ಸಾಮಾನ್ಯವಾಗಿ ಮರಳುತ್ತದೆ. ವಿಕಿರಣದ ಕಥೆ ಬೇರೆ. ಎಡಸ್ತನಕ್ಕೆ ಬಿಟ್ಟ ಕಿರಣಗಳು ಹೃದಯದ ರಕ್ತನಾಳಗಳನ್ನೂ ಸೋಕಿ, ವರ್ಷಗಳ ತರುವಾಯ ಅವುಗಳನ್ನು ಕಿರಿದುಗೊಳಿಸಬಲ್ಲವು. ಈಗ ರೋಗಿಗೆ ಉಸಿರನ್ನು ಆಳವಾಗಿ ಎಳೆದು ಹಿಡಿದಿರಲು ಹೇಳಿ ಕಿರಣ ಬಿಡುವ ಪದ್ಧತಿ ಬಂದಿದೆ. ಉಬ್ಬಿದ ಶ್ವಾಸಕೋಶವು ಹೃದಯವನ್ನು ಎದೆಯ ಗೋಡೆಯಿಂದ ದೂರ ಸರಿಸುತ್ತದೆ. ಇಷ್ಟು ಸರಳವಾದ ಉಪಾಯವು ಇಷ್ಟು ಉಪಕಾರ ಮಾಡುವುದು ನಮಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಸೋಲನ್ನು ಮೊದಲೇ ಕಾಣುವ ಬಗೆ. ವಾಡಿ ಜಂಕ್ಷನ್ನಿನಲ್ಲಿ ಇಳಿದು ಹತ್ತುವವರು ಅಲ್ಲಿಯ ಹಳಿಗಳನ್ನು ನೋಡಿಯೇ ಇರುತ್ತಾರೆ. ಹಳಿಯೊಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಅದನ್ನು ನಮ್ಮ ರೈಲ್ವೆಯವರು ಶ್ರವಣಾತೀತ ಧ್ವನಿಯ ಮಾರ್ದನಿಯಿಂದ ಪತ್ತೆಮಾಡುತ್ತಾರೆ. ಲೋಹದ ಬಿರುಕನ್ನು ಹುಡುಕುವ ಇಂತಹುದೇ ಒಂದು ಯಂತ್ರವನ್ನು 1953ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಎರವಲು ತಂದು, ಮಿಡಿಯುವ ಹೃದಯದ ಕಡೆಗೆ ತಿರುಗಿಸಿದರು. ಇಂದಿನ ‘ಎಕೋ’ ಪರೀಕ್ಷೆ ಹುಟ್ಟಿದ್ದು ಹಾಗೆ. ಇದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಕ್ಷ-ಕಿರಣವೂ ಇಲ್ಲ. ಎಡಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಮಿಡಿತಕ್ಕೆ ಹೊರಬಿದ್ದಿತೆಂಬುದನ್ನು ಇದು ಅಳೆಯುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಎಚ್ಚರಬೇಕು.

ಮಿಲಾನ್ ನಗರದ ವೈದ್ಯರು ಈ ಕೆಂಪು ಮದ್ದನ್ನು ಪಡೆದ 2,625 ಮಂದಿಯನ್ನು ಹೀಗೆಯೇ ಮತ್ತೆ ಮತ್ತೆ ಪರೀಕ್ಷಿಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಶೇಕಡಾ 9 ಮಂದಿಯ ಹೃದಯಬಲ ತಗ್ಗಿತ್ತು. ಅವರಲ್ಲಿ ಬಹುತೇಕ ಎಲ್ಲರಲ್ಲಿಯೂ ಇದು ತೋರಿದ್ದು ಚಿಕಿತ್ಸೆ ಮುಗಿದ ಮೊದಲ ವರ್ಷದಲ್ಲಿಯೇ. ಕೂಡಲೇ ಹೃದಯದ ಮಾತ್ರೆಗಳನ್ನು ಕೊಟ್ಟುದರಿಂದ ಶೇಕಡಾ 82 ಮಂದಿ ಚೇತರಿಸಿಕೊಂಡರು. ಆದರೆ ಪೂರ್ಣವಾಗಿ ಮೊದಲಿನಂತಾದವರು ಶೇಕಡಾ 11 ಮಾತ್ರ. ಆ ಮಾತ್ರೆಗಳು ಹೊಸವೇನೂ ಅಲ್ಲ. ರಕ್ತದೊತ್ತಡಕ್ಕೆಂದು ಅನೇಕರು ಸೇವಿಸುವಂತಹವೇ.

ಈಗ ನಮ್ಮ ಸೀಮೆಗೆ ಹಿಂತಿರುಗೋಣ. ಚಿಂಚೋಳಿಯ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಎಂಟನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗುಣಹೊಂದಿದಳು, ಶಾಲೆ ಮುಗಿಸಿದಳು, ಮದುವೆಯಾಗಿ ಸೇಡಮಿಗೆ ಹೋದಳು. ಗರ್ಭಕಾಲದಲ್ಲಿ ದೇಹದ ರಕ್ತದ ಪ್ರಮಾಣವು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಆ ಭಾರವನ್ನೆಲ್ಲ ಹೃದಯವೇ ಹೊರಬೇಕು. ಏದುಸಿರು ಬಂದರೆ ಮನೆಯವರು ರಕ್ತಹೀನತೆಯೆನ್ನುತ್ತಾರೆ. ಬಾಲ್ಯದ ಕಾಯಿಲೆಯ ಮಾತನ್ನು ಗಂಡನ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅನೇಕ ವೇಳೆ ಬೇಕೆಂದೇ ಮುಚ್ಚಿಟ್ಟಿರುತ್ತಾರೆ. ಈ ಮೌನವು ಮದ್ದಿಗಿಂತ ಅಪಾಯಕರವೆಂದು ನಮ್ಮ ಅಭಿಪ್ರಾಯ. ಇಂತಹವಳು ಗರ್ಭಿಣಿಯಾಗುವ ಮುನ್ನವೇ ಒಮ್ಮೆ ಎಕೋ ಮಾಡಿಸತಕ್ಕದ್ದು.

ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆಯೂ 2024ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ತೆರೆಯಿತು. ಕ್ಯಾನ್ಸರಿನ ವೈದ್ಯರೂ ಹೃದಯದ ವೈದ್ಯರೂ ಒಂದೇ ಊರಿನಲ್ಲಿ ದೊರೆಯುವುದು ಈ ಸೀಮೆಯವರಿಗೆ ಸಣ್ಣ ಅನುಕೂಲವಲ್ಲ.

ಹೃದಯದ ಭಯದಿಂದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬೇಡವೆನ್ನುವುದು ಸರ್ವಥಾ ಸಲ್ಲದು. ಅಲ್ಲಿ ಕಾದಿರುವ ಕೇಡು ಇದಕ್ಕಿಂತ ಬಹುಪಾಲು ದೊಡ್ಡದು. ಮಾಡಬೇಕಾದುದು ಇಷ್ಟೆ: ರಕ್ತದೊತ್ತಡ, ಸಕ್ಕರೆಗಳನ್ನು ಹತೋಟಿಯಲ್ಲಿಡುವುದು, ವೈದ್ಯರು ಒಪ್ಪಿದಷ್ಟು ದಿನವೂ ನಡೆಯುವುದು, ಬೀಡಿ–ಗುಟಕಾಗಳನ್ನು ತೊರೆಯುವುದು. ಇದರೊಡನೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದವನ್ನು ಹೊಲದ ಪಹಣಿಯಷ್ಟೇ ಜೋಪಾನವಾಗಿಡಬೇಕು. ಅದರಲ್ಲಿ ಮದ್ದಿನ ಹೆಸರು, ಒಟ್ಟು ಪ್ರಮಾಣ, ಎದೆಗೆ ಕಿರಣ ಬಿಟ್ಟಿದ್ದರೆ ಅದರ ವಿವರ, ಕೊನೆಯ ಎಕೋವಿನ ಅಂಕಿ ಇವೆಯೇ ಎಂದು ಮನೆಯಲ್ಲಿ ಓದುಬರಹ ಬಲ್ಲ ವಿದ್ಯಾರ್ಥಿಯು ನೋಡಬೇಕು. ಇಲ್ಲದಿದ್ದರೆ ಅಲ್ಲಿಯೇ ಕೇಳಿ ಬರೆಯಿಸಿಕೊಳ್ಳಬೇಕು. ಕಾಗದವು ಕಳೆದುಹೋಗಿದ್ದ ಪಕ್ಷದಲ್ಲಿ, ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನೋಂದಣಿ ಸಂಖ್ಯೆಯನ್ನು ಹೇಳಿ ಅದರ ಪ್ರತಿಯನ್ನು ಕೇಳಬಹುದು.